ಮಂಡಿಯೊಳಗೆ ಇಣುಕಿದವರ ಕಥೆ

ನಮ್ಮ ಮಾಗಡಿ, ಕನಕಪುರದ ಕಡೆ ಯಾರಿಗಾದ್ರೂ ಮಂಡಿ ನೋವು ಅಂದ್ರೆ ಈಗ ಮೊದಲು ಕೇಳೋದು "ಎಂಆರ್‌ಐ ಮಾಡಿಸಿದ್ರಾ?" ಅಂತ. ಸಾವನದುರ್ಗ ಇಳಿಯುವಾಗ ಕಾಲು ತಿರುಚಿಕೊಂಡ ಹುಡುಗನಿಗೂ ಇದೇ ಪ್ರಶ್ನೆ, ರಾಮನಗರದ ಐವತ್ತೈದರ ಅಮ್ಮನಿಗೂ ಇದೇ. ಇಬ್ಬರ ಮಂಡಿಯೂ ಒಂದೇನಾ? ಉತ್ತರಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1918ರಲ್ಲಿ ಟೋಕಿಯೋದ ಡಾ. ಕೆಂಜಿ ತಕಾಗಿ, ಮೂತ್ರಕೋಶ ನೋಡುವ ಕೊಳವೆಯನ್ನು ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. ಕ್ಷಯ ತಗುಲಿ ಮಂಡಿ ಸೆಟೆದುಕೊಳ್ಳುವುದು ಅವರ ಚಿಂತೆಯಾಗಿತ್ತು. ಜಪಾನಿನಲ್ಲಿ ಮಂಡಿ ಮಡಚಿ ನೆಲದ ಮೇಲೆ ಕೂರೋಕಾಗದಿದ್ದರೆ ನಾಲ್ಕು ಜನರ ನಡುವೆ ಮುಜುಗರ. ಇದನ್ನು ಓದಿದಾಗ ನನಗೆ ಚನ್ನಪಟ್ಟಣದಲ್ಲಿ ನೆಲದ ಮೇಲೆ ಕೂತು ಬೊಂಬೆ ಮಾಡುವವರು, ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು ನೆನಪಾದರು. ಇಲ್ಲೂ ಅಷ್ಟೇ, ಮಂಡಿ ಮಡಚದಿದ್ದರೆ ಕೂಲಿ ಇಲ್ಲ!

ತಕಾಗಿಯವರ ಶಿಷ್ಯ ಮಸಾಕಿ ವಟನಾಬೆ 1962ರಲ್ಲಿ ಅದೇ ದಾರಿಯಿಂದ ಹರಿದ ಮೆನಿಸ್ಕಸ್ ತುಂಡನ್ನು ಕತ್ತರಿಸಿ ತೆಗೆದರು. ಮೆನಿಸ್ಕಸ್ ಅಂದರೆ ಮಂಡಿಯ ಎರಡು ಮೂಳೆಗಳ ನಡುವಿನ ಮೆತ್ತೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಬರೀ ನೋಡುವುದಕ್ಕೇ ಅರಿವಳಿಕೆ ಕೊಟ್ಟು ತೂತು ಮಾಡಬೇಕಿತ್ತು. 1964ರಲ್ಲಿ ಕೆನಡಾದ ರಾಬರ್ಟ್ ಜಾಕ್ಸನ್ ಟೋಕಿಯೋಗೆ ಹೋಗಿ ಈ ವಿದ್ಯೆ ಕಲಿತರು, ಆಮೇಲೆ ಅದು ಪಶ್ಚಿಮದಲ್ಲೂ ಹರಡಿತು.

1980ರ ದಶಕದಲ್ಲಿ ಮಂಡಿಗೂ ಎಂಆರ್‌ಐ ಬಂತು.. ತೂತಿಲ್ಲ, ವಿಕಿರಣವೂ ಇಲ್ಲ. ತಮಾಷೆ ನೋಡಿ, ಸ್ಕ್ಯಾನ್ ಹೇಳೋದು ನಿಜವೋ ಸುಳ್ಳೋ ಅಂತ ತಿಳಿಯಲು ಕೀಹೋಲ್‌ನಲ್ಲಿ ಕಂಡದ್ದನ್ನೇ ಒರೆಗಲ್ಲು ಮಾಡಿಕೊಂಡರು. ಎಸಿಎಲ್ ಲಿಗಮೆಂಟ್ ಮತ್ತು ಒಳಬದಿಯ ಮೆನಿಸ್ಕಸ್ ವಿಚಾರದಲ್ಲಿ ಸ್ಕ್ಯಾನ್ ಚೆನ್ನಾಗಿ ಪಾಸಾಯ್ತು. ಹೊರಬದಿಯ ಮೆನಿಸ್ಕಸ್, ಮೂಳೆ ತುದಿಯ ನುಣುಪು ಪದರದ ಸಣ್ಣ ಗಾಯ, ಇವುಗಳಲ್ಲಿ ಸ್ವಲ್ಪ ಹಿಂದೆ. ಕಡೆಗೆ ಹುಡುಕುವ ಕೆಲಸ ಬಹುಮಟ್ಟಿಗೆ ಸ್ಕ್ಯಾನಿಗೆ, ರಿಪೇರಿ ಕೆಲಸ ಕೀಹೋಲ್‌ಗೆ ಅಂತ ಪಾಲಾಯ್ತು.

ಆದರೆ ಸ್ಕ್ಯಾನ್ ಬೇಕಾದ್ದಕ್ಕಿಂತ ಹೆಚ್ಚೇ ತೋರಿಸುತ್ತೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಐವತ್ತು ದಾಟಿದ 991 ಜನರ ಮಂಡಿ ಸ್ಕ್ಯಾನ್ ಮಾಡಿದ ವರದಿ 2008ರಲ್ಲಿ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ! 2013ರಲ್ಲಿ ಫಿನ್‌ಲ್ಯಾಂಡ್‌ನವರು ಇನ್ನೂ ಮುಂದೆ ಹೋದರು. ಮೆನಿಸ್ಕಸ್ ಸವೆದು ಹರಿದಿದ್ದ 146 ಜನರಲ್ಲಿ ಕೆಲವರಿಗೆ ನಿಜವಾದ ಆಪರೇಷನ್, ಉಳಿದವರಿಗೆ ಬರೀ ನಾಟಕದ ಆಪರೇಷನ್. ವರ್ಷದ ನಂತರ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಈಗ ನಮ್ಮ ಇಬ್ಬರಿಗೆ ಬನ್ನಿ. ಹರಿದ ತುಂಡು ಸಿಕ್ಕಿಕೊಂಡು ಹುಡುಗನ ಮಂಡಿ ನೆಟ್ಟಗೆ ಮಾಡಲಾಗದಂತೆ ಲಾಕ್ ಆಗಿದ್ದರೆ ಕೀಹೋಲ್ ಬೇಕಾಗಬಹುದು. ಅಮ್ಮನ ರಿಪೋರ್ಟಿನಲ್ಲಿ 'ಟಿಯರ್' ಅಂತ ಇದ್ದರೆ, ಆಪರೇಷನ್‌ಗೆ ದಿನ ಗೊತ್ತು ಮಾಡುವ ಮೊದಲು ಡಾಕ್ಟರನ್ನ ಕೇಳಿ: ನೋವು ಇದರಿಂದಲೇನಾ, ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡಬಹುದಾ?