ಹೊಲಕ್ಕೆ ಬಂದ ವಿದ್ಯೆ

ಹರಪನಹಳ್ಳಿ ಸೀಮೆಯ ತೆಲಿಗಿಯಂಥ ಗ್ರಾಮಗಳಲ್ಲಿ ವ್ಯವಸಾಯವು ತಂದೆಯಿಂದ ಮಗನಿಗೆ ಹರಿದುಬಂದ ವಿದ್ಯೆ; ಆ ಸೀಮೆಯನ್ನು ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಒಳಪಟ್ಟಿದ್ದ ಕಾಲದಲ್ಲಿ, 1906ರಲ್ಲಿ, ಹಗರಿಯಲ್ಲಿ ಸ್ಥಾಪಿತವಾದ ಕೃಷಿ ಸಂಶೋಧನ ಕ್ಷೇತ್ರವು ಮಳೆಯನ್ನೇ ನಂಬಿದ ಎರೆಭೂಮಿಯ ಜೋಳ ಹತ್ತಿಗಳನ್ನು ಕುರಿತು ಶಾಸ್ತ್ರೀಯ ಪರೀಕ್ಷೆಗೆ ತೊಡಗಿತು. 1953ರಲ್ಲಿ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯವನ್ನು ಸೇರಿತು. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಉದಯಿಸಿದ ಕೃಷಿ ವಿಶ್ವವಿದ್ಯಾನಿಲಯವು, ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾನಿಲಯದ ಸಹಕಾರವನ್ನೂ ಪಡೆದು, ಬೋಧನೆ, ಸಂಶೋಧನೆ, ವಿಸ್ತರಣೆಗಳೆಂಬ ಮೂರು ಕರ್ತವ್ಯಗಳನ್ನು ಒಟ್ಟಿಗೆ ವಹಿಸಿಕೊಂಡಿತು. 1986ರಲ್ಲಿ ಧಾರವಾಡದಲ್ಲಿಯೂ ಅನಂತರ ರಾಯಚೂರಿನಲ್ಲಿಯೂ ಅಂಥವೇ ವಿದ್ಯಾಪೀಠಗಳು ತಲೆಯೆತ್ತಿದುವು.

ವಿಸ್ತರಣೆಯ ಸಾರ್ಥಕ್ಯವನ್ನು ಹೊಲದಲ್ಲಿಯೇ ಕಾಣಬೇಕು. ಬಿತ್ತುವ ಜೋಳಕ್ಕೆ ಗಂಧಕದ ಪುಡಿಯನ್ನು ಲೇಪಿಸಿದರೆ ಕಾಳನ್ನು ಕಪ್ಪುಹುಡಿಯಾಗಿಸುವ ಕಾಡಿಗೆ ರೋಗವು ತಪ್ಪುವುದೆಂಬ ಮಾತನ್ನು, ಕರಪತ್ರದಲ್ಲಿ ಓದಿದವನಿಗಿಂತ, ಕೂರಿಗೆಯ ಬಟ್ಟಲಿಗೆ ಬೀಜವನ್ನು ಹಾಕುವ ಮುನ್ನ ಕೈಯಾರೆ ಲೇಪಿಸಿ, ಸುಗ್ಗಿಯಲ್ಲಿ ಹಸನಾದ ತೆನೆಯನ್ನು ಕೊಯ್ದವನು ದೃಢವಾಗಿ ನಂಬುವನು. ಹನುಮನಮಟ್ಟಿಯಲ್ಲಿ 1976ರಲ್ಲಿ ಆರಂಭವಾದುದೇ ಮೊದಲಾದ ಕೃಷಿ ವಿಜ್ಞಾನ ಕೇಂದ್ರಗಳು ಈ ಪ್ರತ್ಯಕ್ಷ ಶಿಕ್ಷಣವನ್ನು ಗ್ರಾಮೀಣ ಯುವಕರಿಗೂ, ಕೈತೋಟದ ಸೊಪ್ಪು ತರಕಾರಿ ಮತ್ತು ಸಿರಿಧಾನ್ಯಗಳ ಪೋಷಕ ಗುಣದ ತಿಳಿವಳಿಕೆಯ ಮೂಲಕ ಗೃಹಿಣಿಯರಿಗೂ ತಲುಪಿಸಿದುವು. ರೈತನ ತೆರಿಗೆಯಿಂದ ಬೆಳೆದ ವಿದ್ಯೆಯು ರೈತನ ಮನೆಬಾಗಿಲಿಗೆ ಬರುವುದು ಉಪಕಾರವಲ್ಲ, ಧರ್ಮ. ಆ ಧರ್ಮವು ದೂರದ ತಾಲ್ಲೂಕುಗಳಲ್ಲಿಯೂ ಕುಂದದೆ ನಡೆಯಬೇಕು.