ಮಲಪ್ರಭೆಯ ದಂಡೆಯ ಬರ ಮತ್ತು ನೆರೆ: ಒಂದು ಚಾರಿತ್ರಿಕ ನೋಟ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಮಲಪ್ರಭಾ ನದಿಯ ಸೆರಗಿನಲ್ಲಿವೆ. ನದಿ ಒಂದೇ ಆದರೂ ಮಳೆ ಒಂದೇ ಅಲ್ಲ. ಪಶ್ಚಿಮದ ಕಿತ್ತೂರು ಮಲೆನಾಡಿನ ಅಂಚಿಗೆ ಸೇರಿದ್ದು, ಅಲ್ಲಿ ಭತ್ತ ಬೆಳೆಯುತ್ತದೆ. ಬೈಲಹೊಂಗಲ ದಾಟಿ ಪೂರ್ವಕ್ಕೆ ಸಾಗಿದಂತೆ ಮಳೆ ಕ್ಷೀಣಿಸುತ್ತದೆ. ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವೇ ಬದುಕಿನ ಆಧಾರ. ಮುಂಗಾರು ಕೈಕೊಟ್ಟರೂ ಉತ್ತರಿ, ಹಸ್ತ, ಚಿತ್ತಿ ಮಳೆಗಳು ಬಂದರೆ ಅಲ್ಲಿಯ ರೈತ ಉಳಿಯುತ್ತಾನೆ. ಅವೂ ಬಾರದಿದ್ದರೆ ಕ್ಷಾಮ. ಈ ಪ್ರದೇಶದ ಮಳೆಯ ಚರಿತ್ರೆಯನ್ನು ಅರಿಯಲು ಇಲ್ಲಿಯ ಆಕಾಶವನ್ನಷ್ಟೇ ನೋಡಿದರೆ ಸಾಲದು.

ಕ್ಷಾಮವು ಚರಿತ್ರೆಯ ಗತಿಯನ್ನೇ ಬದಲಿಸಬಲ್ಲದೆಂಬ ಅರಿವು ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡು ವರ್ಷಗಳ ಬರವನ್ನು ಮುಂಗಂಡ ಭದ್ರಬಾಹುವಿನ ವೃತ್ತಾಂತವನ್ನೂ ಜೈನ ಸಂಘವು ಉತ್ತರದಿಂದ ದಕ್ಷಿಣಕ್ಕೆ ಬಂದುದನ್ನೂ ಶ್ರವಣಬೆಳಗೊಳದ ಚಂದ್ರಗಿರಿಯ, ಸುಮಾರು ಸಾ.ಶ. 600ರ ಶಾಸನ ಹೇಳುತ್ತದೆ. ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆಯಲ್ಲಿಯೂ ಆ ಬರವಿದೆ. ಆದರೆ ದಾನಶಾಸನಗಳ ಸ್ವಭಾವ ಬೇರೆ. ಸುಗಂಧವರ್ತಿಯೆನಿಸಿದ್ದ ಸವದತ್ತಿಯ ರಟ್ಟರ ಶಾಸನಗಳು ಬಸದಿಗೆ ಬಿಟ್ಟ ಭೂಮಿಯನ್ನು ಮತ್ತರುಗಳಲ್ಲಿ ಎಣಿಸುತ್ತವೆ. ಆ ಭೂಮಿಯಲ್ಲಿ ಬೆಳೆ ಬಾರದ ವರ್ಷವನ್ನು ದಾಖಲಿಸುವುದು ಅವುಗಳ ಉದ್ದೇಶವಲ್ಲ. ಆದುದರಿಂದ ಬರದ ನೆನಪು ಹೆಚ್ಚಾಗಿ ಜನರ ಮಾತಿನಲ್ಲಿ, ಸಂವತ್ಸರಗಳ ಹೆಸರಿನಲ್ಲಿ ಉಳಿಯಿತು.

ಅಂತಹ ನೆನಪುಗಳಲ್ಲಿ ಒಂದು 1791–92ರ ಡೋಗಿ ಬರ. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುದರಿಂದ ಈ ಹೆಸರು ಬಂದಿತೆಂಬುದು ಪ್ರತೀತಿ. ಮಳೆ ಕೈಕೊಟ್ಟ ಆ ಕಾಲದಲ್ಲಿಯೇ ಟಿಪ್ಪುವಿನ ವಿರುದ್ಧದ ಯುದ್ಧ ನಡೆದಿತ್ತು. ಪರಶುರಾಮ ಭಾವೂನ ಸೇನೆ ಧಾರವಾಡವನ್ನು ಮುತ್ತಿತ್ತು. ಸೈನ್ಯಗಳು ಹಾದುಹೋದ ಸೀಮೆಯಲ್ಲಿ ಕಾಳುಕಡಿ ಉಳಿಯಲಿಲ್ಲ. ಅದೇ ವರ್ಷಗಳಲ್ಲಿ ಆಂಧ್ರದ ಕರಾವಳಿಯ ಸಾಮಲಕೋಟೆಯಲ್ಲಿದ್ದ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಮಳೆಯ ಅಭಾವವನ್ನು ಗುರುತಿಸಿದ್ದನು. ಆಸ್ಟ್ರೇಲಿಯದ ಸಿಡ್ನಿಯ ಹೊಸ ವಸಾಹತಿನಲ್ಲಿಯೂ ಆಗ ಅನಾವೃಷ್ಟಿ. 1789ರಿಂದ 1793ರವರೆಗಿನ ಈ ಘಟನೆಗಳನ್ನು ಪರಿಸರ ಇತಿಹಾಸಕಾರ ರಿಚರ್ಡ್ ಗ್ರೋವ್ ಒಂದೇ ಎಲ್ ನಿನೋ ವಿದ್ಯಮಾನದ ಅಂಗಗಳೆಂದು ವಿವೇಚಿಸಿದ್ದಾರೆ.

ಎರಡನೆಯದು 1876–78ರ ಧಾತು–ಈಶ್ವರ ಸಂವತ್ಸರಗಳ ಬರ. ಆಗ ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲ್ಲೂಕಿಗೂ, ಸವದತ್ತಿಯು ಪರಸಗಡ ತಾಲ್ಲೂಕಿಗೂ ಸೇರಿದ್ದವು. ರಾಮದುರ್ಗ ಪ್ರತ್ಯೇಕ ಸಂಸ್ಥಾನವಾಗಿತ್ತು. 1876ರಲ್ಲಿ ಹಿಂಗಾರು ಮಳೆ ಬಾರದೆ ಪೂರ್ವದ ಎರೆಸೀಮೆ ಬರಿದಾಯಿತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್‌ನ ವೈಭವದ ದರ್ಬಾರು ನಡೆಯಿತು. ಅದೇ ವರ್ಷ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಕಾರನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಹಾಗೂ ಅಲ್ಪ ಹಣ ಸಾಕೆಂದು ವಿಧಿಸಿದನು. ದೇಶದಿಂದ ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ. ದಕ್ಷಿಣ ಹಾಗೂ ಪಶ್ಚಿಮ ಭಾರತದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಉತ್ತರ ಚೀನಾ ಮತ್ತು ಬ್ರೆಜಿಲ್‌ನ ಸಿಯಾರಾ ಪ್ರಾಂತಗಳೂ ಅದೇ ಕಾಲದಲ್ಲಿ ಮಳೆಯಿಲ್ಲದೆ ಹಸಿದಿದ್ದವು.

ಈ ಏಕಕಾಲಿಕತೆಯೇ ಹವಾಮಾನ ವಿಜ್ಞಾನಕ್ಕೆ ದಾರಿ ತೋರಿತು. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಹೆನ್ರಿ ಬ್ಲಾನ್‌ಫರ್ಡ್, ಬರದ ವರ್ಷಗಳಲ್ಲಿ ವಾಯುಭಾರವು ಭಾರತದಾಚೆಗೂ ವಿಶಾಲ ಪ್ರದೇಶದಲ್ಲಿ ಅಧಿಕವಾಗಿದ್ದುದನ್ನು ಗಮನಿಸಿದನು. ಮುಂದೆ 1920ರ ದಶಕದಲ್ಲಿ ಗಿಲ್ಬರ್ಟ್ ವಾಕರ್ ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ನಡುವಣ ವಾಯುಭಾರದ ಏರಿಳಿತಕ್ಕೆ 'ದಕ್ಷಿಣದ ಆಂದೋಲನ' ಎಂಬ ಹೆಸರಿಟ್ಟನು. ಶಾಂತಸಾಗರದ ಮೇಲ್ಮೈ ಬಿಸಿಯಾದಾಗ ಪರಸಗಡದ ಜೋಳ ಒಣಗುವ ಸಾಧ್ಯತೆ ಹೆಚ್ಚುವುದೇಕೆಂಬುದು ಕ್ರಮೇಣ ಸ್ಪಷ್ಟವಾಯಿತು. ಆದರೆ ಸಾಗರ ಮಳೆಯನ್ನು ತಡೆಯಬಲ್ಲದು. ಬರವನ್ನು ಸಾವಾಗಿಸುವುದು ಯುದ್ಧ, ಮಾರುಕಟ್ಟೆ ಮತ್ತು ಆಡಳಿತದ ನಿರ್ಧಾರಗಳು.

ಬರದ ಮೂಲ ದೂರದ ಸಾಗರದಲ್ಲಿದ್ದರೆ, ನೆರೆಯ ಮೂಲ ಹತ್ತಿರದ ಘಟ್ಟದಲ್ಲಿದೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿಯ ಬಳಿ ಬೆಟ್ಟವನ್ನು ಸೀಳಿ ಹರಿಯುವ ನವಿಲುತೀರ್ಥದಲ್ಲಿ ಸುಮಾರು 37 ಟಿಎಂಸಿ ಸಾಮರ್ಥ್ಯದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಅದೂ ಎಲ್ ನಿನೋ ವರ್ಷವೇ. ದಖ್ಖನ್ನಿನಲ್ಲಿ ತೀವ್ರ ಬರವಿತ್ತು. 2019ರಲ್ಲಿ ಚಿತ್ರ ತಿರುಗುಮುರುಗಾಯಿತು. ಆ ಜೂನ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ. 33ರಷ್ಟು ಕಡಿಮೆ, ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಸುರಿದ ಮಳೆಗೆ ಜಲಾಶಯ ತುಂಬಿ, ಹೊರಬಿಟ್ಟ ನೀರು ಮುನವಳ್ಳಿ ಹಾಗೂ ರಾಮದುರ್ಗದ ಮನೆಗಳಿಗೆ ನುಗ್ಗಿತು. ತಮ್ಮ ಮೇಲೆ ಸುರಿಯದ ಮಳೆಯಿಂದ ರಾಮದುರ್ಗದ ಜನ ಮನೆಮಠ ಕಳೆದುಕೊಂಡರು. ನಾಲ್ಕೇ ವರ್ಷಗಳ ಬಳಿಕ, 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದ ಅತ್ಯಂತ ಒಣ ಆಗಸ್ಟ್ ಆಗಿ ದಾಖಲಾಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಹಿಂದೆ ಒಂದು ತಲೆಮಾರು ಬರ ಕಂಡರೆ ಮತ್ತೊಂದು ನೆರೆ ಕಾಣುತ್ತಿತ್ತು. ಈಗ ಒಂದೇ ಮನೆತನ ಕೆಲವೇ ವರ್ಷಗಳಲ್ಲಿ ಎರಡನ್ನೂ ಕಾಣುತ್ತಿದೆ. 1884ರಲ್ಲಿ ಪ್ರಕಟವಾದ ಬೆಳಗಾವಿ ಗೆಜೆಟಿಯರಿನಲ್ಲಿ ಬರಗಳ ವಿವರವಿದೆ, ಬರದಲ್ಲಿ ಸತ್ತವರ ಹೆಸರುಗಳಿಲ್ಲ. ಹಳ್ಳಿಯ ಹಾಡು, ಗಾದೆ, ಮಳೆನಕ್ಷತ್ರದ ಮಾತು, ಮನೆತನದ ಕಡತ, ಹಾಳುಬಿದ್ದ ಹಗೇವು, ಇವೆಲ್ಲ ಆ ಮೌನವನ್ನು ತುಂಬಬಲ್ಲ ಆಕರಗಳು. ಡೋಗಿ ಬರದ ನೆನಪು ಹೆಸರಿನಲ್ಲಾದರೂ ಉಳಿದಿದೆ. 2019ರ ನೆರೆಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ಇಂದೇ ಸಂಗ್ರಹಿಸುವುದು ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳ ಹೊಣೆ.