‘ಅಲ್ಲಿ ಎಲ್ಲ ವ್ಯವಸ್ಥೆ ಇದೆಯಂತೆ’: ಐರ್ಲೆಂಡಿನ ವಿಶೇಷ ಮಕ್ಕಳ ಸೇವೆ ಬೆಳೆದುಬಂದ ಬಗೆ

ಕಳೆದ ವರ್ಷ ನಮ್ಮ ಸಂಘದ ಕುಟುಂಬವೊಂದನ್ನು ಐರ್ಲೆಂಡಿಗೆ ಬೀಳ್ಕೊಟ್ಟೆವು. ಮನೆಯಾಕೆ ನರ್ಸ್. ಗಲ್ಫಿನಲ್ಲಿ ಏಳು ವರ್ಷ ದುಡಿದು, ಡಬ್ಲಿನ್ನಿನಲ್ಲಿ ಕೆಲಸ ಸಿಕ್ಕಿ ಹೊರಟಿದ್ದರು. ಅಂದಿನ ಊಟಕ್ಕೆ ಅವರ ಜೊತೆ ಆರು ವರ್ಷದ ಹುಡುಗನೊಬ್ಬ ಬಂದಿದ್ದ. ಅವನಿಗೆ ಮಾತು ಬಂದಿರಲಿಲ್ಲ. ಗದ್ದಲ ಹೆಚ್ಚಾದಾಗಲೆಲ್ಲ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದ. ಏಳು ವರ್ಷದ ಒಡನಾಟದಲ್ಲಿ ಆ ಮಗುವನ್ನು ನಾವು ನೋಡಿದ್ದು ಅದೇ ಮೊದಲು. ರಾಜ್ಯೋತ್ಸವಕ್ಕೆ, ಯುಗಾದಿಗೆ, ಪಿಕ್‌ನಿಕ್ಕಿಗೆ ಅವರಿಬ್ಬರಲ್ಲಿ ಒಬ್ಬರು ಮಾತ್ರ ಬರುತ್ತಿದ್ದುದು ಏಕೆಂದು ನಾವು ಯಾರೂ ಕೇಳಿರಲಿಲ್ಲ.

‘ಅಲ್ಲಿ ಇಂಥ ಮಕ್ಕಳಿಗೆ ಎಲ್ಲ ವ್ಯವಸ್ಥೆ ಇದೆಯಂತೆ’ ಎಂದು ಹೊರಡುವಾಗ ಆ ತಂದೆ ಹೇಳಿದರು. ಆ ಮಾತು ನಮ್ಮನ್ನು ಬಿಡಲಿಲ್ಲ. ನಿಜಕ್ಕೂ ಇದೆಯೇ? ಇದ್ದರೆ ಹೇಗೆ ಬಂತು? ಯಾರು ಕೊಟ್ಟರು? ಈ ಪ್ರಶ್ನೆಗಳನ್ನು ಹಿಡಿದು ನಾವು ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಗಲ್ಫಿನಿಂದ ಐರ್ಲೆಂಡಿಗೆ ಹೋಗುವ ಕರಾವಳಿಯ, ಮಲೆನಾಡಿನ ನರ್ಸ್ ಕುಟುಂಬಗಳು ಈಗ ಒಂದೆರಡಲ್ಲ. ಹಾಗಾಗಿ ಇದು ನಮಗೆ ದೂರದ ಕಥೆಯೂ ಅಲ್ಲ.

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡ್ ಬಡ ದೇಶ. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಹತ್ತು ಲಕ್ಷ ಜನ ಸತ್ತ, ಇನ್ನೂ ಹತ್ತು ಲಕ್ಷ ಜನ ಹಡಗು ಹತ್ತಿ ಹೋದ ನೆಲ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಗು ಅಲ್ಲಿ ಒಂದೋ ಮನೆಯ ಮೂಲೆಯಲ್ಲಿ ಬೆಳೆಯಬೇಕಿತ್ತು, ಇಲ್ಲವೇ ನಿರ್ಗತಿಕರ ಗಂಜಿಕೇಂದ್ರವನ್ನೋ ಹುಚ್ಚಾಸ್ಪತ್ರೆಯನ್ನೋ ಸೇರಬೇಕಿತ್ತು. ಇಂಥ ಮಕ್ಕಳಿಗೇ ಮೀಸಲಾದ ಮೊದಲ ಸಂಸ್ಥೆ ಹುಟ್ಟಿದ್ದು 1869ರಲ್ಲಿ. ಡಾ. ಹೆನ್ರಿ ಹಚಿನ್ಸನ್ ಸ್ಟೀವರ್ಟ್ ಎಂಬ ವೈದ್ಯರ ನೆರವಿನಿಂದ ಡಬ್ಲಿನ್ ಸಮೀಪದ ಲೂಕನ್‌ನಲ್ಲಿ ಆರಂಭವಾದ ಅದು ಮುಂದೆ ಪಾಮರ್ಸ್‌ಟೌನ್‌ಗೆ ಸ್ಥಳಾಂತರಗೊಂಡಿತು. ಅವರ ಹೆಸರಿನಲ್ಲೇ ಅದು ಇಂದಿಗೂ ನಡೆಯುತ್ತಿದೆ.

ನಂತರದ ಕಾಲದಲ್ಲಿ ಈ ಹೊಣೆ ಹೊತ್ತವರು ಹೆಚ್ಚಾಗಿ ಕ್ರೈಸ್ತ ಸನ್ಯಾಸಿ ಸಂಸ್ಥೆಗಳು. 1926ರಲ್ಲಿ ಡಬ್ಲಿನ್ನಿನ ಕಾಬ್ರಾದಲ್ಲಿದ್ದ ಸೇಂಟ್ ವಿನ್ಸೆಂಟ್ಸ್ ಕೇಂದ್ರವನ್ನು ಡಾಟರ್ಸ್ ಆಫ್ ಚಾರಿಟಿ ಭಗಿನಿಯರು ಈ ಮಕ್ಕಳಿಗಾಗಿಯೇ ಮೀಸಲಿಟ್ಟರು. ಸರಕಾರ ಕಣ್ಣೆತ್ತಿ ನೋಡದ ದಿನಗಳಲ್ಲಿ ಅನ್ನ, ಆಸರೆ ಕೊಟ್ಟವರು ಇಂಥವರೇ. ಆದರೆ ಎತ್ತರದ ಗೋಡೆಗಳ ಒಳಗೆ ಏನು ನಡೆಯುತ್ತದೆಂದು ಕೇಳುವವರೂ ಇರಲಿಲ್ಲ. ವಸತಿ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು 2009ರ ರಯಾನ್ ಆಯೋಗದ ವರದಿ ದಾಖಲಿಸಿದಾಗ, ವಿಕಲಚೇತನ ಮಕ್ಕಳಿದ್ದ ಕೆಲವು ಸಂಸ್ಥೆಗಳೂ ಅದರಲ್ಲಿದ್ದವು. ಮಗುವನ್ನು ದೂರ ಇಟ್ಟರೆ ಕಷ್ಟವೂ ದೂರವಾಗುತ್ತದೆ ಎಂಬ ನಂಬಿಕೆಗೆ ತೆತ್ತ ಬೆಲೆ ಅದು.

ಬದಲಾವಣೆ ಆರಂಭವಾದದ್ದು ಎರಡನೆಯ ಮಹಾಯುದ್ಧದ ನಂತರ. ಡಾ. ರಾಬರ್ಟ್ ಕಾಲಿಸ್ ಎಂಬ ಮಕ್ಕಳ ವೈದ್ಯರು 1945ರಲ್ಲಿ ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಯಾತನಾ ಶಿಬಿರದಲ್ಲಿ ಬದುಕುಳಿದವರ ಶುಶ್ರೂಷೆಗೆ ಹೋಗಿದ್ದವರು, ಅನಾಥರಾದ ಕೆಲವು ಮಕ್ಕಳನ್ನು ಐರ್ಲೆಂಡಿಗೆ ಕರೆತಂದವರು. ಮೆದುಳಿಗೆ ಪೆಟ್ಟಾಗಿ ಕೈಕಾಲು, ಮಾತು ಸ್ವಾಧೀನಕ್ಕೆ ಬಾರದ ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ ಅವರ ಪ್ರಯತ್ನದಿಂದ 1948ರಲ್ಲಿ ಶುರುವಾದ ಸಂಘವೇ ಇಂದಿನ ‘ಎನೇಬಲ್ ಐರ್ಲೆಂಡ್’.

ಅವರ ಗಮನಕ್ಕೆ ಬಂದ ಮಕ್ಕಳಲ್ಲಿ ಒಬ್ಬ ಕ್ರಿಸ್ಟಿ ಬ್ರೌನ್. 1932ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಅವನ ತಂದೆ ಇಟ್ಟಿಗೆ ಕಟ್ಟುವ ಮೇಸ್ತ್ರಿ. ತಾಯಿ ಹೆತ್ತ 22 ಮಕ್ಕಳಲ್ಲಿ ಉಳಿದವರು 13. ಈ ಮಗುವಿಗೆ ಬುದ್ಧಿಯೇ ಇಲ್ಲ ಎಂದು ವೈದ್ಯರು ಹೇಳಿದರೂ ತಾಯಿ ಒಪ್ಪಲಿಲ್ಲ. ಐದರ ಪ್ರಾಯದಲ್ಲಿ ಅವನು ಸೋದರಿಯ ಕೈಯಿಂದ ಸೀಮೆಸುಣ್ಣವನ್ನು ಎಡಗಾಲ ಬೆರಳಿನಲ್ಲಿ ಕಿತ್ತುಕೊಂಡ. ಆ ತಾಯಿ ನೆಲದ ಮೇಲೆ ಅಕ್ಷರ ಬರೆದು ಅವನಿಂದಲೂ ಬರೆಸಿದಳು. 1954ರಲ್ಲಿ ಅವನ ಆತ್ಮಕಥೆ ‘ಮೈ ಲೆಫ್ಟ್ ಫುಟ್’ ಹೊರಬಂತು. 1989ರಲ್ಲಿ ಬಂದ ಅದರ ಸಿನಿಮಾವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಕಟ್ಟಡ ಕೆಲಸದಲ್ಲಿರುವ ನಮ್ಮ ಸದಸ್ಯರು ಆ ಮೇಸ್ತ್ರಿಯ ಮನೆಯನ್ನು ನಮಗಿಂತ ಚೆನ್ನಾಗಿ ಊಹಿಸಿಕೊಳ್ಳಬಲ್ಲರು.

1951ರಲ್ಲಿ ಲೇಡಿ ವ್ಯಾಲರಿ ಗೌಲ್ಡಿಂಗ್ ಮತ್ತು ಕ್ಯಾಥ್ಲೀನ್ ಓ’ರೂರ್ಕ್ ಎಂಬ ಇಬ್ಬರು ಮಹಿಳೆಯರು ಡಬ್ಲಿನ್ನಿನ ಪೆಂಬ್ರೋಕ್ ಬೀದಿಯ ಮನೆಯೊಂದರಲ್ಲಿ ಪೋಲಿಯೋ ಪೀಡಿತ ಮಕ್ಕಳಿಗೆ ವ್ಯಾಯಾಮ ಚಿಕಿತ್ಸೆ ಆರಂಭಿಸಿದರು. ಅದೇ ಬೆಳೆದು ‘ಸೆಂಟ್ರಲ್ ರೆಮಿಡಿಯಲ್ ಕ್ಲಿನಿಕ್’ ಆಯಿತು. ಲಸಿಕೆ ಬಂದು ಪೋಲಿಯೋ ಇಳಿಮುಖವಾದ ಮೇಲೆ ಅದು ಬಾಗಿಲು ಮುಚ್ಚಲಿಲ್ಲ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿರುವ ಮಕ್ಕಳ ಕಡೆ ತಿರುಗಿತು. 1968ರಲ್ಲಿ ಕ್ಲಾಂಟಾರ್ಫ್‌ನಲ್ಲಿ ಸ್ವಂತ ಕಟ್ಟಡ ಕಟ್ಟಿಕೊಂಡಿತು. ಚಿಕಿತ್ಸೆಯೂ ಶಾಲೆಯೂ ಒಂದೇ ಕಡೆ ಸಿಗುವಂತೆ ಮಾಡಿದ್ದು ಅದರ ಹೆಚ್ಚುಗಾರಿಕೆ. ಅಲ್ಲಿ ಓದಿದ ಕ್ರಿಸ್ಟೋಫರ್ ನೋಲನ್‌ಗೆ ಹುಟ್ಟುವಾಗ ಆಮ್ಲಜನಕ ಸಾಲದೆ ಕೈಕಾಲೂ ಮಾತೂ ಹೋಗಿದ್ದವು. ತಾಯಿ ಅವನ ತಲೆಯನ್ನು ಹಿಡಿದುಕೊಂಡಿದ್ದರೆ, ಹಣೆಗೆ ಕಟ್ಟಿದ ಕಡ್ಡಿಯಿಂದ ಒಂದೊಂದೇ ಅಕ್ಷರ ಟೈಪು ಮಾಡುತ್ತಿದ್ದ. 1987ರಲ್ಲಿ ಅವನ ಪುಸ್ತಕಕ್ಕೆ ಬ್ರಿಟನ್ನಿನ ವಿಟ್‌ಬ್ರೆಡ್ ‘ವರ್ಷದ ಪುಸ್ತಕ’ ಪ್ರಶಸ್ತಿ ಬಂತು.

ಎಲ್ಲ ಮಕ್ಕಳೂ ಬ್ರೌನ್, ನೋಲನ್ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಪುಸ್ತಕ ಬರೆಯದ, ಶರ್ಟಿನ ಗುಂಡಿ ಹಾಕಲು ಎರಡು ವರ್ಷ ಕಲಿಯುವ ಮಗುವಿನ ಪರವಾಗಿ ಎದ್ದುನಿಂತವರು ಸಾಮಾನ್ಯ ತಂದೆತಾಯಿ. 1955ರಲ್ಲಿ ಡಬ್ಲಿನ್ನಿನ ಪ್ಯಾಟ್ರಿಶಿಯಾ ಫ್ಯಾರೆಲ್ ಎಂಬ ತಾಯಿ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಹಾಕಿದರು. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಪೋಷಕರ ಸಂಘ ಕಟ್ಟಬೇಕೆಂದಿದ್ದೇನೆ, ಆಸಕ್ತರು ಸಂಪರ್ಕಿಸಿ ಎಂಬುದು ಅದರ ಸಾರ. ಅಂಥ ಮಗುವಿದೆ ಎಂದು ನೆರೆಮನೆಗೂ ಹೇಳದ ಕಾಲ ಅದು. ಆ ಕರೆಗೆ ಓಗೊಟ್ಟವರು ಸೇರಿ ಕಟ್ಟಿದ ಸಂಘ ‘ಸೇಂಟ್ ಮೈಕಲ್ಸ್ ಹೌಸ್’ ಆಯಿತು. ಆಗಿನ ಪ್ರಧಾನಿಯ ಮಗ, ಯುವ ಸಂಸದ ಡೆಕ್ಲನ್ ಕಾಸ್ಟೆಲ್ಲೋ ಅದರ ಬೆನ್ನಿಗೆ ನಿಂತರು. ಮಗು ಬೆಳಗ್ಗೆ ಹೋಗಿ ಸಂಜೆ ಮನೆಗೇ ಬರಬೇಕು, ಅಪ್ಪ ಅಮ್ಮನ ಜೊತೆಯಲ್ಲೇ ಬೆಳೆಯಬೇಕು ಎಂಬುದು ಅವರ ಹಠವಾಗಿತ್ತು. ಬೇರೆ ಊರುಗಳಲ್ಲೂ ಇಂಥ ಸಂಘಗಳು ಎದ್ದವು. 1961ರಲ್ಲಿ ಅವುಗಳ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. 1965ರಲ್ಲಿ ಸರಕಾರಿ ಆಯೋಗವೊಂದು ಈ ಕ್ಷೇತ್ರದ ಬಗ್ಗೆ ಸಮಗ್ರ ವರದಿ ಕೊಟ್ಟಿತು.

ದಯೆಯಿಂದ ಸಿಕ್ಕಿದ್ದು ಹಕ್ಕಾಗಬೇಕಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳು ಐರ್ಲೆಂಡಿನ ಸಂವಿಧಾನದಿಂದ ಬಂದವು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಲ್ಲ? ಆ 1937ರ ಸಂವಿಧಾನ ಉಚಿತ ಪ್ರಾಥಮಿಕ ಶಿಕ್ಷಣದ ಭರವಸೆ ಕೊಟ್ಟಿತ್ತು. ಆದರೆ ತೀವ್ರ ತೊಂದರೆಯಿರುವ ಮಗು ಶಿಕ್ಷಣಕ್ಕೆ ಯೋಗ್ಯವೇ ಅಲ್ಲ ಎಂಬುದು ಸರಕಾರದ ವಾದ. ಕಾರ್ಕ್ ನಗರದ ತಾಯಿಯೊಬ್ಬರು ತಮ್ಮ ಮಗನ ಪರವಾಗಿ ಹೂಡಿದ ಓ’ಡೊನಹ್ಯೂ ಮೊಕದ್ದಮೆಯಲ್ಲಿ 1993ರಲ್ಲಿ ಹೈಕೋರ್ಟು ಆ ವಾದವನ್ನು ತಳ್ಳಿಹಾಕಿತು. ಮಗು ತನ್ನಿಂದಾದಷ್ಟು ಬೆಳೆಯಲು ನೆರವಾಗುವುದೂ ಶಿಕ್ಷಣವೇ ಎಂದಿತು. 2001ರಲ್ಲಿ ಸಿನಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸರಕಾರದ ಈ ಹೊಣೆ 18 ವರ್ಷಕ್ಕೆ ಮುಗಿಯುತ್ತದೆ ಎಂದು ಗೆರೆ ಎಳೆಯಿತು. ಪೋಷಕರಿಗೆ ಅದು ಸೋಲು. ಆದರೆ ಆ ಚರ್ಚೆ ದೇಶವನ್ನೇ ತಟ್ಟಿತು. 2003ರಲ್ಲಿ ವಿಶೇಷ ಒಲಿಂಪಿಕ್ಸಿನ ಬೇಸಿಗೆ ಕ್ರೀಡಾಕೂಟ ಮೊದಲ ಬಾರಿಗೆ ಅಮೆರಿಕದ ಹೊರಗೆ, ಡಬ್ಲಿನ್ನಿನಲ್ಲಿ ನಡೆದಾಗ ಊರೂರಿನ ಜನ ಕ್ರೀಡಾಪಟುಗಳನ್ನು ಬರಮಾಡಿಕೊಂಡು ಸತ್ಕರಿಸಿದರು.

2005ರ ವಿಕಲಚೇತನರ ಕಾಯ್ದೆ ಇನ್ನೊಂದು ಹೆಜ್ಜೆ. ಪೋಷಕರು ಅರ್ಜಿ ಕೊಟ್ಟ ಮೂರು ತಿಂಗಳೊಳಗೆ ಮಗುವಿನ ಅಗತ್ಯಗಳ ಮೌಲ್ಯಮಾಪನ ಶುರುವಾಗಬೇಕು, ಮುಂದಿನ ಮೂರು ತಿಂಗಳಲ್ಲಿ ಮುಗಿಯಬೇಕು ಎಂದು ಅದು ಹೇಳುತ್ತದೆ. ಈಗ ದೇಶವನ್ನು ಪ್ರದೇಶಗಳಾಗಿ ಹಂಚಿ ತೊಂಬತ್ತಕ್ಕೂ ಹೆಚ್ಚು ಮಕ್ಕಳ ತಂಡಗಳನ್ನು ರಚಿಸಿದ್ದಾರೆ. ಫಿಸಿಯೋಥೆರಪಿ, ವಾಕ್ ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ, ಮನಶ್ಶಾಸ್ತ್ರ ಬಲ್ಲವರು ಒಂದೇ ತಂಡದಲ್ಲಿರುತ್ತಾರೆ. ಮಾತು ಬಾರದ ಮಕ್ಕಳಿಗೆ ‘ಲಾವ್’ ಎಂಬ ಕೈಸನ್ನೆಯ ಪದ್ಧತಿಯೂ ಇದೆ. ಐರಿಷ್ ಭಾಷೆಯಲ್ಲಿ ಆ ಪದಕ್ಕೆ ‘ಕೈ’ ಎಂದೇ ಅರ್ಥ.

ಹಾಗಾದರೆ ಅಲ್ಲಿ ಎಲ್ಲ ವ್ಯವಸ್ಥೆ ಇದೆಯೇ? ಅರ್ಧ ನಿಜ. ತಂಡಗಳಲ್ಲಿ ಹುದ್ದೆಗಳು ಖಾಲಿ ಇವೆ. ಕಾನೂನಿನ ಗಡುವು ಮೀರಿ ಸಾವಿರಾರು ಮಕ್ಕಳು ಸರದಿಯಲ್ಲಿದ್ದಾರೆ. ಸರದಿ ಕರಗಿಸಲೆಂದು ಚುಟುಕಾದ ಪ್ರಾಥಮಿಕ ತಪಾಸಣೆಯನ್ನೇ ಮೌಲ್ಯಮಾಪನವೆಂದು ನಡೆಸುತ್ತಿದ್ದಾಗ, ಅದು ಕಾನೂನಿಗೆ ಸಲ್ಲದು ಎಂದು 2022ರ ಮಾರ್ಚ್‌ನಲ್ಲಿ ಹೈಕೋರ್ಟು ಹೇಳಬೇಕಾಯಿತು. ಐರ್ಲೆಂಡಿಗೆ ಹೊರಡುವ ಗೆಳೆಯರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಮಗುವಿನ ಹಳೆಯ ವೈದ್ಯಕೀಯ ವರದಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಅಲ್ಲಿ ಇಳಿದ ತಿಂಗಳಲ್ಲೇ ಅರ್ಜಿ ಹಾಕಿ.

ನಮ್ಮೂರಿನ ಕಥೆಯೂ ತೀರಾ ಬೇರೆಯಲ್ಲ. ಸ್ವತಃ ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ವಿಕಲಚೇತನರ ಸಂಸ್ಥೆ ಎ.ಪಿ.ಡಿ.ಯನ್ನು ಆರಂಭಿಸಿದ್ದು 1959ರಲ್ಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರದ್ದು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡಿನ ಎಣ್ಮಕಜೆಯಲ್ಲಿ, ಬೆಳ್ತಂಗಡಿಯ ಕೊಕ್ಕಡದಲ್ಲಿ ಮನೆಮನೆಯ ನೋವನ್ನು ಹೊರಜಗತ್ತಿಗೆ ತಿಳಿಸಿದವರೂ ಊರಿನ ವೈದ್ಯರು, ಪತ್ರಕರ್ತರು, ತಾಯಂದಿರೇ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು.

ಊರಿನಲ್ಲಿ ಮಗುವನ್ನು ಬಿಟ್ಟು ಬಂದಿರುವ ನಮ್ಮ ಸದಸ್ಯರಿಗೆ ಒಂದೆರಡು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿ 21 ಬಗೆಯ ತೊಂದರೆಗಳನ್ನು ಗುರುತಿಸುತ್ತದೆ. ಶೇ. 40 ಅಥವಾ ಹೆಚ್ಚಿನ ವಿಕಲತೆಯ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ರಜೆಯಲ್ಲಿ ಹೋದಾಗ ಯು.ಡಿ.ಐ.ಡಿ. ಕಾರ್ಡು ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ. ಎರಡು ವರ್ಷವಾದರೂ ಮಗು ಮಾತಾಡದಿದ್ದರೆ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಅಜ್ಜಿಯ ಮಾತಿಗೆ ತಲೆಯಾಡಿಸಿ, ಆದರೂ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ತೋರಿಸಿ. ಬೇಗ ಶುರುವಾದ ಚಿಕಿತ್ಸೆಯಿಂದ ಆಗುವ ಲಾಭ ದೊಡ್ಡದು.

ಡಬ್ಲಿನ್ನಿಗೆ ಹೋದ ಗೆಳೆಯರು ಈಚೆಗೆ ಫೋನು ಮಾಡಿದ್ದರು. ಮಗ ಶಾಲೆಗೆ ಹೋಗುತ್ತಿದ್ದಾನೆ. ಚಿಕಿತ್ಸೆಗೆ ಇನ್ನೂ ಸರದಿಯಲ್ಲಿದ್ದಾನೆ. ಕೈಸನ್ನೆಯಲ್ಲಿ ‘ಸಾಕು’, ‘ಇನ್ನೂ ಬೇಕು’ ಎನ್ನಲು ಕಲಿತಿದ್ದಾನೆ. ತಾಯಿ ಅಲ್ಲಿನ ಪೋಷಕರ ಗುಂಪು ಸೇರಿದ್ದಾರೆ. ‘ನಮ್ಮ ಸಂಘದಲ್ಲೂ ಇಂಥದ್ದೊಂದು ಇದ್ದಿದ್ದರೆ’ ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.

ಈ ವರ್ಷದ ರಾಜ್ಯೋತ್ಸವದಲ್ಲಿ ಸಭಾಂಗಣದ ಪಕ್ಕ ಧ್ವನಿವರ್ಧಕದ ಗದ್ದಲವಿಲ್ಲದ ಒಂದು ಕೋಣೆ ಇಡಬೇಕೆಂದು ನಿರ್ಧರಿಸಿದ್ದೇವೆ. ಇಂಥ ಮಗುವಿರುವ ಪೋಷಕರು ತಿಂಗಳಿಗೊಂದು ಶುಕ್ರವಾರ ಸೇರಲು ವ್ಯವಸ್ಥೆ ಮಾಡುತ್ತಿದ್ದೇವೆ. ಪ್ಯಾಟ್ರಿಶಿಯಾ ಫ್ಯಾರೆಲ್ ಹಾಕಿದಂಥದ್ದೇ ಜಾಹೀರಾತು ಇದು ಎಂದುಕೊಳ್ಳಿ. ನಿಮ್ಮ ಮಗುವನ್ನು ಕರೆದುಕೊಂಡು ಬನ್ನಿ.